ಕಡಾಣಿ ಕಿತ್ತವಳು

ಕೋಡಿಮಂಗಲದ ಗೋವಿಂದಮ್ಮನ ಮೇಲೆ ಬಿದ್ದದ್ದು ಕಳ್ಳತನದ ಕೇಸು. ಹಟ ಹಿಡಿದು ಆ ಕೇಸನ್ನು ತನ್ನ ಮೇಲೆ ಹಾಕಿಸಿಕೊಂಡವಳೂ ಅವಳೇ.

ಎರಡನೆಯ ಮಹಾಯುದ್ಧದ ಕಾಲ ಅದು. ಬೆಂಗಳೂರಿನ ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಎಲ್ಲಿ ನೋಡಿದರೂ ಗುಡಾರ, ತಂತಿಬೇಲಿ, ಸಿಪಾಯಿಗಳ ಅಡುಗೆಯ ಹೊಗೆ. ಅಷ್ಟು ಬಾಯಿಗೆ ಬೇಯಿಸಿ ಹಾಕಲು ಸೌದೆ ಬೇಕಿತ್ತು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಅವಕ್ಕೂ ಸುಟ್ಟ ಮರವೇ ಬೇಕಿತ್ತು. ದಂಡಿನ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿನ, ಕಂಟ್ರಾಕ್ಟರುಗಳು ಮೊದಲು ಕುರುಚಲು ಕಾಡು ತೆಗೆದರು, ಆಮೇಲೆ ರೈತರ ಬದುವಿನ ಮರ ಕೊಂಡರು, ಆಮೇಲೆ ಅವರ ಕಣ್ಣು ಹಳ್ಳಿಗಳ ಗುಂಡುತೋಪಿನ ಮೇಲೆ ಬಿತ್ತು.

ಕೋಡಿಮಂಗಲದ ತೋಪು ಕೆರೆ ಏರಿಯ ಕೆಳಗಿತ್ತು. ಹೆಚ್ಚಿನವು ಹುಣಸೆ, ನಡುನಡುವೆ ಹೊಂಗೆ, ಅಂಚಿನಲ್ಲಿ ಮಾವು. ನೆಲವೂ ಮರವೂ ಸರ್ಕಾರದ್ದು, ನೆರಳು ಊರಿನದು. ಸಂತೆಗೆ ಹೋಗುವ ಗಾಡಿಗಳು ಅಲ್ಲಿ ಎತ್ತು ಬಿಚ್ಚುತ್ತಿದ್ದವು. ಹೊಂಗೆಯ ಬೀಜ ಆಯ್ದು ಊರಿನವರು ದೀಪಕ್ಕೆ ಎಣ್ಣೆ ಮಾಡಿಕೊಳ್ಳುತ್ತಿದ್ದರು. ಹುಣಸೆಯ ಫಸಲನ್ನು ಮಾತ್ರ ತಾಲ್ಲೂಕಿನ ಅಮಲ್ದಾರರ ಕಚೇರಿಯವರು ವರ್ಷಕ್ಕೊಮ್ಮೆ ಹರಾಜು ಹಾಕುತ್ತಿದ್ದರು. ಅದನ್ನು ಬಹಳ ವರ್ಷಗಳಿಂದ ಕೂಗುತ್ತಿದ್ದವರು ಈಗಿನ ಶಿವಾಜಿನಗರದ ಹುಣಸೆ ಮಂಡಿಯ ರಹೀಂ ಸಾಹೇಬರು. ಹಣ್ಣು ಬಡಿದು, ಓಡು ಬಿಡಿಸಿ, ಬೀಜ ತೆಗೆದುಕೊಡುವ ಕೆಲಸ ಊರ ಹೆಂಗಸರದು, ಅವರ ಮುಂದಾಳು ಗೋವಿಂದಮ್ಮ. ಬುಟ್ಟಿಗಳನ್ನು ರೈಲಿಗೆ ಹಾಕಿ ದಂಡಿನ ಸ್ಟೇಷನ್ನಿನಲ್ಲಿ ಇಳಿಸಿ, ಅಲ್ಲಿಂದ ಜಟಕಾದಲ್ಲಿ ಮಂಡಿಗೆ ಮುಟ್ಟಿಸುವವಳೂ ಅವಳೇ. ಹಾಗಾಗಿ ಅವಳಿಗೆ ತಮಿಳು ಅಷ್ಟಿಷ್ಟು ಬರುತ್ತಿತ್ತು, ದಖನಿ ಉರ್ದು ಅರ್ಥವಾಗುತ್ತಿತ್ತು, ಖಾಕಿ ಬಟ್ಟೆ ಕಂಡರೆ ಎದೆ ನಡುಗುತ್ತಿರಲಿಲ್ಲ.

ಆ ವರ್ಷ ಮಾಘದ ಒಂದು ಬೆಳಿಗ್ಗೆ ಹೆಂಗಸರು ಬುಟ್ಟಿ, ದೋಟಿ ಹಿಡಿದು ತೋಪಿಗೆ ಹೋದರೆ, ಅಲ್ಲಿ ಆಗಲೇ ಕೊಡಲಿಯ ಸದ್ದು ಕೇಳುತ್ತಿತ್ತು. ಏರಿಯ ಪಕ್ಕದ ದೊಡ್ಡ ಹುಣಸೆ ನೆಲಕ್ಕೆ ಒರಗಿತ್ತು. ಅದರ ಮೈತುಂಬ ಇದ್ದ ಮಾಗಿದ ಹಣ್ಣು ಮಣ್ಣಿನಲ್ಲಿ ಅಪ್ಪಚ್ಚಿಯಾಗಿತ್ತು. ಆಳುಗಳು ಎರಡನೆಯ ಮರದ ಬುಡಕ್ಕೆ ಗಾಯ ಮಾಡಿದ್ದರು.

"ಯಾರಪ್ಪ ನೀವು? ಯಾರು ಹೇಳಿದ್ರು ಕಡಿಯೋಕೆ?" ಗೋವಿಂದಮ್ಮ ಬುಟ್ಟಿ ಕೆಳಗಿಟ್ಟು ಕೇಳಿದಳು.

ಆಳುಗಳ ಮೇಸ್ತ್ರಿ ಬೀಡಿ ಬಾಯಿಂದ ತೆಗೆಯಲಿಲ್ಲ. "ಹಲಸೂರು ಸಂಜೀವಪ್ಪನವರ ಕಡೆಯವರು. ಮಿಲ್ಟ್ರಿ ಆರ್ಡರು."

"ಅಮಲ್ದಾರ್ರ ಅಪ್ಪಣೆ ಐತಾ?"

"ಅದೆಲ್ಲ ನಿಮ್ ಪಟೇಲ್ರನ್ನ ಕೇಳ್ಕೊ, ಹೋಗಮ್ಮ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಟೇಲ ಮುನಿರಾಜಪ್ಪ ಗೋವಿಂದಮ್ಮನ ಸ್ವಂತ ಅಣ್ಣ.

ಅವಳು ಹೋದಾಗ ಮುನಿರಾಜಪ್ಪ ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ತಂಗಿಯ ನಡಿಗೆ ನೋಡಿಯೇ ಅವನಿಗೆ ವಿಷಯ ತಿಳಿಯಿತು.

"ಕೂತ್ಕೊ ಗೋವಿಂದಿ. ಅತ್ತಿಗೆ ಮಜ್ಜಿಗೆ ತರ್ತಾಳೆ."

"ಮಜ್ಜಿಗೆ ಆಮೇಲೆ ಕುಡಿಯಾನ. ತೋಪು ಕಡೀತಾವ್ರೆ ಅಣ್ಣಯ್ಯ. ನಿಂಗೆ ಗೊತ್ತಾ?"

"ಗೊತ್ತು. ದಂಡಿನವರು ಕೇಳ್ದಾಗ ಇಲ್ಲ ಅನ್ನೋಕಾಯ್ತದಾ? ಯುದ್ಧ ನಡೀತೈತೆ. ಅಡ್ಡ ಬಂದವ್ರನ್ನ ಹಿಡಿದು ಒಳಗೆ ಹಾಕ್ತಾರೆ."

"ನಮ್ಮೂರು ಮಹಾರಾಜ್ರ ಸರ್ಕಾರಕ್ಕೆ ಸೇರಿದ್ದಲ್ವಾ? ದಂಡಿನವರ ಮಾತು ಇಲ್ಲಿ ಯಾಕ್ ನಡೀಬೇಕು? ಅಮಲ್ದಾರ್ರು ಅಪ್ಪಣೆ ಕೊಟ್ಟವ್ರಾ?"

ಮುನಿರಾಜಪ್ಪ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡ. ಅಗಿದ. "ಕೊಡ್ತಾರೆ. ಆಮೇಲೆ ತರಿಸ್ಕೊಂಡ್ರಾಯ್ತು. ಮರ ಒಣಗಿದ್ವು, ಬೀಳೋ ಹಂಗಿದ್ವು ಅಂತ ಬರೆದ್ರೆ ಯಾರ್ ಬಂದ್ ನೋಡ್ತಾರೆ?"

"ಒಣಗಿದ್ವಾ? ಹಣ್ಣು ಬಿಟ್ಟು ತೊನೀತಾವಲ್ಲ!"

ಒಳಗಿನಿಂದ ಅತ್ತಿಗೆ ಮಂಜುಳಮ್ಮ ಮಜ್ಜಿಗೆಯ ಲೋಟ ಹಿಡಿದು ಬಾಗಿಲಿಗೆ ಬಂದಳು. "ನಿಮ್ಮಣ್ಣನಿಗೆ ಕಷ್ಟ ಕೊಡ್ಬೇಡ ಕಣಮ್ಮ," ಎಂದಳು. "ಅಂಜನಮೂರ್ತಿ ಓದಿ ಮುಗಿಸಿ ಸುಮ್ನೆ ಕೂತವ್ನೆ. ಸಂಜೀವಪ್ಪನವರು ದಂಡಿನ ಡಿಪೋದಲ್ಲಿ ಗುಮಾಸ್ತೆ ಕೆಲಸ ಕೊಡಿಸ್ತೀನಿ ಅಂತ ಮಾತು ಕೊಟ್ಟವ್ರೆ."

ಆಗ ಗೋವಿಂದಮ್ಮನಿಗೆ ಎಲ್ಲ ತಿಳಿಯಿತು. ಅಂಜನಮೂರ್ತಿಯನ್ನು ಎತ್ತಿ ಆಡಿಸಿದವಳು ಅವಳು. ಸೋದರಳಿಯನಿಗೆ ಕೆಲಸ ಸಿಕ್ಕಿದರೆ ಊರಿಗೆಲ್ಲ ಸಕ್ಕರೆ ಹಂಚುವವಳೂ ಅವಳೇ. ಕೆರೆಯ ಕಡೆಯಿಂದ ಇನ್ನೊಂದು ಮರ ಮುರಿಯುವ ಸದ್ದು ಬಂತು.

"ನಿಲ್ಸು ಅಣ್ಣಯ್ಯ. ಇವತ್ತೇ ನಿಲ್ಸು. ಇಲ್ದಿದ್ರೆ ನಾನ್ ನಿಲ್ಲಿಸ್ತೀನಿ."

"ನೀನಾ? ಏನ್ ಮಾಡ್ತೀಯ?"

ಏನು ಮಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಮಜ್ಜಿಗೆ ಮುಟ್ಟದೆ ಹೊರಟಳು.

ಮಧ್ಯಾಹ್ನದ ರೈಲು ಹತ್ತಿ ದಂಡಿಗೆ ಹೋದಳು. ರಹೀಂ ಸಾಹೇಬರ ಮಂಡಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಮನೆ ಅದರ ಮೇಲೆ. ಬರಿಗೈಯಲ್ಲಿ ಬಂದ ಗೋವಿಂದಮ್ಮನನ್ನು ಕಂಡು ಸಾಹೇಬರು ತಕ್ಕಡಿ ಬಿಟ್ಟು ಎದ್ದರು.

"ಏನಮ್ಮಾ, ಮಾಲಿಲ್ಲ, ಬುಟ್ಟಿ ಇಲ್ಲ?"

ಅವಳು ನಿಂತೇ ಎಲ್ಲ ಹೇಳಿದಳು. ಸಾಹೇಬರ ಮುಖ ಮೊದಲು ಕೆಂಪಾಯಿತು, ಸಂಜೀವಪ್ಪನ ಹೆಸರು ಕೇಳಿದ ಮೇಲೆ ಬಣ್ಣ ಇಳಿಯಿತು. ಅವರು ಗಡ್ಡ ಸವರಿಕೊಂಡರು.

"ನೋಡಮ್ಮ, ಈ ವರ್ಷದ ಫಸಲು ನಂದು. ಸರ್ಕಾರದ ಹರಾಜಲ್ಲಿ ಕೂಗಿ ತಗೊಂಡಿದ್ದೀನಿ. ಫಸಲು ನನಗೆ ಮಾರಿ ಮರ ಇನ್ನೊಬ್ಬನಿಗೆ ಕೊಡೋಕಾಗಲ್ಲ. ನ್ಯಾಯ ನಮ್ ಕಡೆ ಇದೆ. ಆದ್ರೆ ಆ ಮನುಷ್ಯ ದಂಡಲ್ಲಿ ದೊಡ್ಡೋರ ಜೊತೆ ಕೂತ್ಕೊಳ್ಳೋನು. ನಾನು ಇಲ್ಲೇ ವ್ಯಾಪಾರ ಮಾಡ್ಬೇಕು."

ಒಳಗೆ ಪರದೆಯ ಹಿಂದಿನಿಂದ ಅವರ ಹೆಂಡತಿ ನೂರುನ್ನೀಸಾ ಬೇಗಂ ಅವರ ದನಿ ಕೇಳಿತು. "ಡರ್ ಗಯೇ ಕ್ಯಾ ಜೀ?"

ಹೆದರಿಬಿಟ್ಟಿರಾ ಎಂದು ಕೇಳಿದ್ದು ಗೋವಿಂದಮ್ಮನಿಗೂ ಅರ್ಥವಾಯಿತು. ಸಾಹೇಬರು ಪರದೆಯ ಕಡೆ ತಿರುಗಿ ಏನೋ ಗೊಣಗಿದರು. ಬೇಗಂ ಬಿಡಲಿಲ್ಲ. ಆ ಹೆಂಗಸು ತನ್ನ ಅಣ್ಣನನ್ನೇ ಎದುರು ಹಾಕಿಕೊಂಡು ಬಂದಿದ್ದಾಳೆ, ನೀವು ಯಾರೋ ಕಂಟ್ರಾಕ್ಟರಿಗೆ ಅಂಜುತ್ತೀರಾ ಎಂದು ದಖನಿಯಲ್ಲಿ ಹರಿಹಾಯ್ದು, ಕೊನೆಗೆ ಕನ್ನಡದಲ್ಲಿ, "ಕೂತ್ಕೊಳ್ಳಮ್ಮ ನೀನು. ಊಟ ಮಾಡ್ಕೊಂಡು ಹೋಗು," ಎಂದರು.

ಸಾಹೇಬರು ನಿಟ್ಟುಸಿರು ಬಿಟ್ಟು ಗೋಣಿಯ ಮೇಲೆ ಕುಳಿತರು. "ಸರಿ. ನಾಳೆ ತಾಲ್ಲೂಕು ಕಚೇರಿಗೆ ನಾನೇ ಹೋಗ್ತೀನಿ, ಅರ್ಜಿ ಕೊಡ್ತೀನಿ. ಆದ್ರೆ ಕಚೇರಿ ಕೆಲಸ ನಿಧಾನ ಅಮ್ಮ. ಅಷ್ಟರೊಳಗೆ ಅವರು ಮರ ಸಾಗಿಸಿಬಿಟ್ರೆ, ಉಳಿಯೋದು ಬೊಡ್ಡೆ. ಬೊಡ್ಡೆಗೂ ಮಣ್ಣು ಮುಚ್ತಾರೆ. ಕಡಿದಿದ್ದೇ ಇಲ್ಲ ಅಂತಾರೆ. ಆ ಮರ ಮಾತ್ರ ಜಾಗ ಬಿಟ್ಟು ಹೋಗಬಾರದು."

ರೈಲಿನಲ್ಲಿ ವಾಪಸು ಬರುವಾಗ ಗೋವಿಂದಮ್ಮನ ತಲೆಯಲ್ಲಿ ಆ ಒಂದು ಮಾತೇ ತಿರುಗುತ್ತಿತ್ತು.

ಮನೆಯಲ್ಲಿ ಗಂಡ ಮುನಿಕೃಷ್ಣಪ್ಪ ವಿಮಾನದ ಕಾರ್ಖಾನೆಯಿಂದ ಬಂದು ಕಾಲು ತೊಳೆಯುತ್ತಿದ್ದ. ಅಲ್ಲಿ ಅವನಿಗೆ ತಗಡು ಹೊರುವ ಕೆಲಸ. ಊರೆಲ್ಲ ಅವನ ಕಿವಿಗೆ ಸುದ್ದಿ ಹಾಕಿತ್ತು.

"ನಿಮ್ಮಣ್ಣನ ಜೊತೆ ಜಗಳ, ದಂಡಿನವರ ಜೊತೆ ಜಗಳ. ನನ್ ಕೆಲಸಕ್ಕೆ ಸಂಚಕಾರ ಬಂದ್ರೆ?"

"ಬಂದ್ರೆ ಇಬ್ರೂ ಕೂಲಿ ಮಾಡಾನ. ತೋಪು ಕಡಿದ್ರೆ ಮತ್ತೆ ಬೆಳಿಯೋ ಹೊತ್ತಿಗೆ ನಾವಿಬ್ರೂ ಇರಲ್ಲ."

ಮುನಿಕೃಷ್ಣಪ್ಪ ಚೊಂಬು ಕೆಳಗಿಟ್ಟು ಒಳಗೆ ಹೋದ. ಬೇಡ ಎನ್ನಲಿಲ್ಲ. ಅವಳಿಗೆ ಅಷ್ಟು ಸಾಕಿತ್ತು.

ಮಾರನೆಯ ದಿನ ತೋಪಿನಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ದಿಮ್ಮಿ ಹೇರಿ, ಹಗ್ಗ ಬಿಗಿದು, ಗಾಡಿಯವರು ಹೊರಡುವ ಮೊದಲು ಏರಿಯ ಮೇಲೆ ಕೂತು ಬುತ್ತಿ ಬಿಚ್ಚಿದ್ದರು. ಎತ್ತುಗಳು ಹುಲ್ಲು ಮೇಯುತ್ತಿದ್ದವು. ಹೆಂಗಸರು ಎಂದಿನಂತೆ ಬುಟ್ಟಿ ಹಿಡಿದು ಬಂದರು. ಬಿದ್ದ ಹಣ್ಣು ಆಯಲು ಬಂದಿದ್ದಾರೆಂದು ಮೇಸ್ತ್ರಿ ಸುಮ್ಮನಿದ್ದ.

ಗೋವಿಂದಮ್ಮ ಮೊದಲ ಗಾಡಿಯ ಪಕ್ಕ ಬಗ್ಗಿದಳು. ಚಕ್ರ ಅಚ್ಚಿನಿಂದ ಜಾರದಂತೆ ಹಿಡಿದಿರುವ ಕಬ್ಬಿಣದ ಕೀಲಿಗೆ ಕಡಾಣಿ ಎನ್ನುತ್ತಾರೆ. ಅದೊಂದು ಹೋದರೆ ಎಂಥ ಗಾಡಿಯೂ ನಾಲ್ಕು ಮಾರು ಹೋಗುವುದರೊಳಗೆ ಮಗುಚಿಕೊಳ್ಳುತ್ತದೆ. ಕಲ್ಲು ಹಿಡಿದು ಕೆಳಗಿನಿಂದ ಎರಡೇಟು ಕೊಟ್ಟಳು, ಕಡಾಣಿ ಮೇಲೆದ್ದಿತು. ಎಳೆದು ಮಡಿಲಿಗೆ ಹಾಕಿಕೊಂಡಳು. ಅವಳನ್ನು ನೋಡಿ ಉಳಿದವರೂ ಗಾಡಿಗೊಬ್ಬರಂತೆ ಬಗ್ಗಿದರು. ಮುದುಕಿ ಚಿಕ್ಕಮುನಿಯಮ್ಮನಿಗೆ ಬಗ್ಗಲು ಆಗುತ್ತಿರಲಿಲ್ಲ. ಅವಳು ಮುಂದಿನ ಗಾಡಿಯ ನೊಗ ಕಟ್ಟುವ ಮೂಕಿಯ ಮೇಲೆ ಕಾಲು ಇಳಿಬಿಟ್ಟು ಕುಳಿತೇಬಿಟ್ಟಳು.

ಮೇಸ್ತ್ರಿಗೆ ಕಂಡದ್ದು ಎಲ್ಲ ಮುಗಿದ ಮೇಲೆ. ಓಡಿ ಬಂದ. "ಏಯ್, ಏನ್ ಮಾಡ್ತಿದ್ದೀರಾ? ಕೊಡ್ರೇ ಇಲ್ಲಿ!"

"ಹತ್ರ ಬಾ ನೋಡಾನ," ಎಂದಳು ಚಿಕ್ಕಮುನಿಯಮ್ಮ. "ನನ್ ವಯಸ್ಸಿನ ಹೆಂಗಸಿನ ಮೈ ಮುಟ್ಟು, ಆಮೇಲೆ ಈ ಊರಿಂದ ಹೆಂಗ್ ಹೋಗ್ತೀಯ ಅಂತ ನಾನೂ ನೋಡ್ತೀನಿ."

ಗಾಡಿಯವರಲ್ಲಿ ಹಿರಿಯನೊಬ್ಬ ಬುತ್ತಿಯ ಮುಂದೆ ಕೂತಲ್ಲೇ ನಕ್ಕುಬಿಟ್ಟ. ಅವನು ಪಕ್ಕದ ಊರಿನವನು, ನಾಳೆ ತನ್ನೂರಿನ ತೋಪಿಗೂ ಇದೇ ಗತಿಯೆಂದು ಅವನಿಗೆ ಗೊತ್ತಿತ್ತು. "ಕಡಾಣಿ ಇಲ್ದೆ ಗಾಡಿ ಕಟ್ಟೋಕಾಗಲ್ಲ ಮೇಸ್ತ್ರಿ," ಎಂದು ಹೇಳಿ ಮತ್ತೆ ಮುದ್ದೆ ಮುರಿದ.

ಮೇಸ್ತ್ರಿ ಸೈಕಲ್ ಹತ್ತಿ ಠಾಣೆಗೆ ಹೋದ. ಇಳಿಹೊತ್ತಿಗೆ ಒಬ್ಬ ದಫೇದಾರ, ಹಿಂದೆ ಒಬ್ಬ ಪೇದೆ ಬಂದರು. ಊರೂ ನೆರೆದಿತ್ತು. ಪಟೇಲ ಮುನಿರಾಜಪ್ಪ ದೂರದಲ್ಲಿ ಏರಿಯ ಮೇಲೆಯೇ ನಿಂತಿದ್ದ.

"ಯಾರಮ್ಮ ಕಡಾಣಿ ಕದ್ದೋರು?" ದಫೇದಾರ ಗದರಿದ.

"ನಾನು," ಎಂದಳು ಗೋವಿಂದಮ್ಮ. ಎಲ್ಲರೂ ಕಿತ್ತದ್ದನ್ನು ಅವಳು ಒಬ್ಬಳೇ ಮಡಿಲಿಗೆ ಕಟ್ಟಿಕೊಂಡಿದ್ದಳು. "ಬರ್ಕೊಳ್ಳಿ. ಕೋಡಿಮಂಗಲದ ಮುನಿಕೃಷ್ಣಪ್ಪನ ಹೆಂಡತಿ ಗೋವಿಂದಮ್ಮ. ಕಿತ್ತಿದ್ದು ನಾನೇ."

ದಫೇದಾರ ತಬ್ಬಿಬ್ಬಾದ. ಇಷ್ಟು ಸಲೀಸಾಗಿ ಒಪ್ಪಿಕೊಂಡ ಕಳ್ಳರನ್ನು ಅವನು ನೋಡಿರಲಿಲ್ಲ.

"ಪೂರ್ತಿ ಬರ್ಕೊಳ್ಳಿ ಸ್ವಾಮಿ," ಅವಳು ಬಿಡಲಿಲ್ಲ. "ಗಾಡಿ ಎಲ್ಲಿ ನಿಂತಿದ್ವು? ಸರ್ಕಾರದ ಗುಂಡುತೋಪಲ್ಲಿ. ಗಾಡೀಲಿ ಏನಿತ್ತು? ಹಸಿ ಹುಣಸೆ ದಿಮ್ಮಿ. ಬೇಕಾದ್ರೆ ಮುಟ್ಟಿ ನೋಡಿ, ಇನ್ನೂ ಅಂಟ್ತದೆ."

ಅಷ್ಟರಲ್ಲಿ ಕಾರಿನ ಸದ್ದು ಕೇಳಿತು. ಮೇಸ್ತ್ರಿ ಹೇಳಿಕಳಿಸಿದ್ದ ಸಂಜೀವಪ್ಪ ಇಳಿದ. ರೇಷ್ಮೆಯ ಪೇಟ, ಬೂಟು, ಕೈಯಲ್ಲಿ ಬೆತ್ತ. ಬಂದವನೇ ದಫೇದಾರ ಬರೆಯುತ್ತಿದ್ದ ಕಾಗದದ ಮೇಲೆ ಕಣ್ಣಾಡಿಸಿದ. ಮನುಷ್ಯ ಬುದ್ಧಿವಂತ. ಈ ಹೆಂಗಸು ಕಳವಿನ ನೆಪದಲ್ಲಿ ಕಡಿದ ಮರವನ್ನೇ ಕೋರ್ಟಿಗೆ ಎಳೆಯುತ್ತಿದ್ದಾಳೆಂದು ಅವನಿಗೆ ತಕ್ಷಣ ತಿಳಿಯಿತು.

"ಬಿಡ್ರಿ ದಫೇದಾರ್ರೇ," ಎಂದ ನಗುತ್ತ. "ಹಳ್ಳಿ ಹೆಂಗಸರು, ಏನೋ ತಿಳೀದೆ ಮಾಡವ್ರೆ. ನಂಗೆ ಕಂಪ್ಲೇಂಟು ಬೇಡ. ಆ ಕಾಗದ ಹರಿದು ಹಾಕಿ. ಬೇರೆ ಕಡಾಣಿ ತರಿಸ್ಕೊಳ್ತೀನಿ."

"ಯಾಕ್ ಬೇಡ?" ಗೋವಿಂದಮ್ಮ ಮುಂದೆ ಬಂದಳು. "ಕದ್ದೆ ಅಂತ ನಾನೇ ಒಪ್ಕೊಂಡಿದ್ದೀನಿ. ಬೇಡ ಅನ್ನೋಕೆ ನೀವ್ಯಾರು? ದಫೇದಾರ್ರೇ, ಕೈಗೆ ಸಿಕ್ಕಿದ ಕಳ್ಳೀನ ಬಿಟ್ಟು ಹೋದ್ರೆ ನಿಮ್ ಮೇಲಿನವರಿಗೆ ಏನ್ ಹೇಳ್ತೀರಿ?"

"ಬಾಯ್ ಮುಚ್ಚೇ," ಎಂದ ಸಂಜೀವಪ್ಪ. ನಗು ಹೋಗಿತ್ತು. ದಫೇದಾರನ ಕಡೆ ಬೆತ್ತ ತೋರಿಸಿ, "ನಾನು ಹೇಳಿದ್ದು ಕೇಳಿಸ್ಲಿಲ್ವೇನ್ರಿ? ನಂದು ದಂಡಿನ ಕೆಲಸ. ನಿಮ್ಮ ಮೈಸೂರು ಸೀಮೆ ಪೊಲೀಸಿನವರು ನನ್ನ ಗಾಡಿ ತಡೆಯೋ ಹಾಗಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಪಟ್ಟಿ ಕಿತ್ತಾಕಿಸ್ತೀನಿ," ಎಂದ.

ಆ ಮಾತು ಆಡದಿದ್ದರೆ ದಫೇದಾರ ಬಹುಶಃ ಕಾಗದ ಹರಿಯುತ್ತಿದ್ದ. ಅವನು ಟೋಪಿ ಸರಿಮಾಡಿಕೊಂಡ. ಊರಿನವರೆಲ್ಲ ತನ್ನನ್ನೇ ನೋಡುತ್ತಿದ್ದರು.

"ಕಂಪ್ಲೇಂಟು ಆಗಲೇ ಬರೆದಾಗಿದೆ ಸ್ವಾಮಿ," ಎಂದ ನಿಧಾನವಾಗಿ. "ಕಳವು ಮಾಲು ಸಿಕ್ಕಿದೆ. ಗಾಡಿ, ಗಾಡಿ ಮೇಲಿನ ಸಾಮಾನು, ಎಲ್ಲ ಮುದ್ದೇಮಾಲು. ಅಮಲ್ದಾರರ ಮುಂದೆ ಕೇಸು ತೀರೋವರೆಗೆ ಒಂದು ಕಡ್ಡಿ ಅಲ್ಲಾಡಿಸೋ ಹಾಗಿಲ್ಲ." ಪೇದೆಯನ್ನು ಅಲ್ಲೇ ಕಾವಲಿಗೆ ನಿಲ್ಲಿಸಿದ.

ಗೋವಿಂದಮ್ಮ ಕಡಾಣಿಗಳನ್ನು ಒಂದೊಂದಾಗಿ ಅವನ ಮುಂದೆ ಹಾಕಿದಳು. ಕೊನೆಯದು ಕಲ್ಲಿಗೆ ಬಡಿದು ಠಣ್ ಎಂದಿತು.

ಆ ಕಾಲದಲ್ಲಿ ತಾಲ್ಲೂಕಿನ ಸಣ್ಣ ಅಪರಾಧಗಳನ್ನು ವಿಚಾರಿಸುವ ಅಧಿಕಾರ ಅಮಲ್ದಾರರಿಗೇ ಇತ್ತು. ತೋಪಿನ ಮರಗಳನ್ನು ಕಾಯಬೇಕಾದವರೂ ಅವರೇ. ಆದ್ದರಿಂದ ಕಡಾಣಿಯ ಕೇಸು ಹೋಗಿ ನಿಂತದ್ದು ಸರಿಯಾದ ಮನುಷ್ಯನ ಮೇಜಿನ ಮುಂದೆಯೇ. ಅವರು ಗಂಟುಮುಖದ, ಕಡಿಮೆ ಮಾತಿನ ವಯಸ್ಸಾದ ಮನುಷ್ಯ. ರಹೀಂ ಸಾಹೇಬರು ಕೊಟ್ಟ ಅರ್ಜಿಯನ್ನು ಆಗಲೇ ಓದಿದ್ದರು, ವಿಚಾರಣೆಗೆ ಮೊದಲು ಒಂದು ದಿನ ಕುದುರೆಯ ಮೇಲೆ ತೋಪಿಗೂ ಬಂದು ಹೋಗಿದ್ದರು. ಯಾರ ಜೊತೆಗೂ ಮಾತಾಡಿರಲಿಲ್ಲ.

ವಿಚಾರಣೆಯ ದಿನ ಕಚೇರಿಯ ಅಂಗಳ ತುಂಬಿತ್ತು. ಮುನಿಕೃಷ್ಣಪ್ಪ ಕಾರ್ಖಾನೆಗೆ ರಜೆ ಹಾಕಿ ಬಂದು ಹೆಂಡತಿಯ ಹಿಂದೆ ನಿಂತಿದ್ದ. ಗೋವಿಂದಮ್ಮನ ಪರ ವಕೀಲರಿರಲಿಲ್ಲ. ಸಂಜೀವಪ್ಪನ ಪರ ದಂಡಿನಿಂದ ಕಪ್ಪು ಕೋಟಿನವರೊಬ್ಬರು ಬಂದಿದ್ದರು.

"ಗಾಡಿಗಳ ಕಡಾಣಿ ಕಿತ್ತದ್ದು ನೀನೇನಾ?" ಅಮಲ್ದಾರರು ಕೇಳಿದರು.

"ನಾನೇ ಸ್ವಾಮಿ."

"ಯಾಕೆ?"

"ಗಾಡಿ ಹೋಗ್ಬಾರ್ದು ಅಂತ. ಹೋಗಿದ್ರೆ ನಿಮ್ ಮರ ಇದ್ದಿಲಾಗಿ ಹೋಗಿರೋದು. ನಾನು ಕಾದಿದ್ದು ನಿಮ್ ಸಾಮಾನು ಸ್ವಾಮಿ. ಕಾಯೋಕೆ ಅಂತ ಇರೋರು ಯಾರೂ ಬರ್ಲಿಲ್ಲ."

ಗುಮಾಸ್ತರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಅಮಲ್ದಾರರ ಮುಖ ಬದಲಾಗಲಿಲ್ಲ. ವಕೀಲರು ಎದ್ದು, ಇದು ಸೈನ್ಯಕ್ಕೆ ಸೌದೆ ಒದಗಿಸುವ ಕೆಲಸ, ಇದಕ್ಕೆ ಅಡ್ಡಿ ಮಾಡುವುದು ಯುದ್ಧಕ್ಕೇ ಅಡ್ಡಿ ಮಾಡಿದಂತೆ ಎಂದು ವಾದಿಸಿದರು. ದಂಡಿನ ಚೀಟಿಯನ್ನು ಮೇಜಿನ ಮೇಲಿಟ್ಟರು.

ಅಮಲ್ದಾರರು ಅದನ್ನು ಓದಿ ಪಕ್ಕಕ್ಕಿಟ್ಟರು. "ಸೌದೆ ಒದಗಿಸಿ ಅಂತ ಇದೆ. ಕೋಡಿಮಂಗಲದ ತೋಪನ್ನು ಕಡಿದು ಒದಗಿಸಿ ಅಂತ ಎಲ್ಲಿದೆ?"

ವಕೀಲರು ಪಟೇಲರನ್ನು ಸಾಕ್ಷಿಗೆ ಕರೆದರು. ಮುನಿರಾಜಪ್ಪ ಪ್ರಮಾಣ ಮಾಡಿ, ತಂಗಿಯ ಕಡೆ ನೋಡದೆ, ಮರಗಳು ಒಣಗಿದ್ದವು, ಎತ್ತು ಕಟ್ಟುವವರ ಮೇಲೆ ಬೀಳುವ ಹಾಗಿದ್ದವು, ಅದಕ್ಕೇ ಕಡಿಯಲು ಬಿಟ್ಟೆ ಎಂದ. ಅವನ ಧ್ವನಿ ಕೆಳಗಿತ್ತು.

ರಹೀಂ ಸಾಹೇಬರ ಸರದಿ ಬಂತು. ಒಳ್ಳೆಯ ಶೇರ್ವಾನಿ ಹಾಕಿಕೊಂಡು ಬಂದಿದ್ದರು. ಸಂಜೀವಪ್ಪ ಅವರನ್ನೇ ದುರುಗುಟ್ಟಿ ನೋಡುತ್ತಿದ್ದ. ಸಾಹೇಬರು ಒಮ್ಮೆ ಗಂಟಲು ಸರಿಮಾಡಿಕೊಂಡು, "ಒಣಗಿದ ಮರದ ಹಣ್ಣಿಗೆ ಹರಾಜು ಕೂಗೋಕೆ ನಾನೇನು ಹುಚ್ಚನಾ ಹುಜೂರ್?" ಎಂದರು. "ಕೂಗಿಸಿದ್ದು ಇದೇ ಕಚೇರಿ, ಇದೇ ಅಂಗಳದಲ್ಲಿ. ಪಟೇಲ್ರೂ ನನ್ ಪಕ್ಕದಲ್ಲೇ ನಿಂತಿದ್ರು."

ಅಂಗಳದಲ್ಲಿ ನಗು ಎದ್ದಿತು. ಜವಾನ ಸದ್ದು ಸದ್ದು ಎಂದು ಕೂಗಿದ.

"ಸಾಕ್ಷಿಗಳನ್ನ ನೀನು ಏನಾದರೂ ಕೇಳೋದಿದೆಯಾ?" ಅಮಲ್ದಾರರು ಗೋವಿಂದಮ್ಮನನ್ನು ಕೇಳಿದರು.

ಅವಳು ಅಣ್ಣನ ಕಡೆ ತಿರುಗಿದಳು. ಹಿಂದಿನ ದಿನವೆಲ್ಲ ಅವಳು ಬೈಗುಳಗಳನ್ನು ಜೋಡಿಸಿಕೊಂಡಿದ್ದಳು. ಈಗ ಅವನ ಬಾಡಿದ ಮುಖ ನೋಡಿ ಒಂದೂ ನಾಲಗೆಗೆ ಬರಲಿಲ್ಲ.

"ಅಣ್ಣಯ್ಯ, ನನ್ ಮದುವೇಲಿ ಚಪ್ಪರ ಹಾಕಿದ್ರಲ್ಲ. ನಾಲ್ಕು ಹೊಂಗೆ ಕೊಂಬೆ ಕಡಿಸ್ಕೊಡಿ ಅಂತ ಅವ್ವ ಅಪ್ಪನ್ನ ಕೇಳಿದ್ಲು. ಅಪ್ಪ ಕೊಡ್ಲಿಲ್ಲ. ಬೀಗರ ಮುಂದೆ ಅವಮಾನ ಆಯ್ತು ಅಂತ ಅವ್ವ ಅತ್ಲು. ನೀನು ಗಾಡಿ ಹೊಡ್ಕೊಂಡು ಹೋಗಿ ಮಾವನ ತೋಟದಿಂದ ತೆಂಗಿನ ಗರಿ ತಂದೆ. ತೋಪು ಅಷ್ಟು ಹತ್ರ ಇದ್ದೂ ಅಪ್ಪ ಯಾಕ್ ಕಡಿಸ್ಲಿಲ್ಲ?"

ಮುನಿರಾಜಪ್ಪ ಮೊದಲ ಸಲ ಅವಳನ್ನು ನೋಡಿದ. ವಕೀಲರು ಇದು ಸಂಬಂಧವಿಲ್ಲದ ಪ್ರಶ್ನೆ ಎಂದರು. ಅಮಲ್ದಾರರು ಕೈಯೆತ್ತಿ ಅವರನ್ನು ಕೂರಿಸಿದರು.

"ಹೇಳಿ ಪಟೇಲರೆ."

"ಅಪ್ಪಣೆ ಬಂದಿರ್ಲಿಲ್ಲ ಸ್ವಾಮಿ," ಎಂದ ಮುನಿರಾಜಪ್ಪ. "ಅಮಲ್ದಾರ್ರ ಅಪ್ಪಣೆ ಇಲ್ದೆ ತೋಪಿನ ಕೊಂಬೆ ಮುಟ್ಟೋ ಹಂಗಿಲ್ಲ ಅಂತ ಅಪ್ಪ ಹೇಳ್ದ."

"ನಿಮ್ಮ ತಂದೆ ಯಾರು?"

"ಆಗ ಅವರೇ ಪಟೇಲ್ರು."

"ಆ ಕಟ್ಟಳೆ ನಿಮಗೆ ಅವತ್ತಿನಿಂದ ಗೊತ್ತಿತ್ತು."

"ಗೊತ್ತಿತ್ತು ಸ್ವಾಮಿ." ಯಾರೂ ಕೇಳದಿದ್ದರೂ ಅವನೇ ಹೇಳಿದ: "ಮರ ಒಣಗಿರ್ಲಿಲ್ಲ."

ಸಂಜೀವಪ್ಪ ಬೆತ್ತವನ್ನು ನೆಲಕ್ಕೆ ಊರಿ ಎದ್ದು ಹೊರಗೆ ಹೋದ.

ಅಮಲ್ದಾರರು ಅಲ್ಲೇ ಆಜ್ಞೆ ಬರೆಸಿದರು. ಕಡಿದ ಮರವೆಲ್ಲ ಸರ್ಕಾರಕ್ಕೆ ಜಪ್ತಿ. ಕಂಟ್ರಾಕ್ಟರನ ಮೇಲೆ ಸರ್ಕಾರವೇ ಬೇರೆ ಮೊಕದ್ದಮೆ ಹೂಡುವುದು. ವಿಚಾರಣೆ ಮುಗಿಯುವವರೆಗೆ ಮುನಿರಾಜಪ್ಪನನ್ನು ಪಟೇಲಿಕೆಯಿಂದ ತಡೆಹಿಡಿಯುವುದು. ಉಳಿದ ಪ್ರತಿಯೊಂದು ಮರಕ್ಕೂ ಅಂಕಿ ಬರೆಸುವುದು. ಕಡೆಯದಾಗಿ ಗೋವಿಂದಮ್ಮನ ಸರದಿ. ಕಳ್ಳತನ ಸಾಬೀತಾಗಿಲ್ಲ, ಆದರೆ ಅನ್ಯರ ಗಾಡಿಗಳಿಗೆ ಕೈಹಾಕಿ ತಡೆದದ್ದು ತಪ್ಪು ಎಂದು ಹೇಳಿ ಒಂದು ಸಣ್ಣ ದಂಡ ಹಾಕಿದರು.

ರಹೀಂ ಸಾಹೇಬರು ಜೇಬಿಗೆ ಕೈಹಾಕಿದರು. ಗೋವಿಂದಮ್ಮ ಕೈ ಅಡ್ಡ ಹಿಡಿದಳು.

"ಕಟ್ಟಬೇಡಿ ಸಾಹೇಬ್ರೆ. ದಂಡ ಕಟ್ಟಲ್ಲ ಸ್ವಾಮಿ."

"ಕಟ್ಟದಿದ್ದರೆ ಒಳಗೆ ಕೂರಬೇಕಾಗುತ್ತೆ."

"ಕೂರ್ತೀನಿ. ಕಟ್ಟಿದ್ರೆ ತಪ್ಪು ಮಾಡ್ದೆ ಅಂತ ನಾನೇ ಒಪ್ಕೊಂಡಂಗಾಯ್ತದೆ. ಕಡಾಣಿ ಕಿತ್ತಿದ್ದು ಒಪ್ಕೊಂಡೆ. ತಪ್ಪು ಅಂತ ಒಪ್ಕೊಳ್ಳಲ್ಲ. ನಾಳೆ ಮತ್ತೆ ಬಂದ್ರೆ ಮತ್ತೆ ಕೀಳ್ತೀನಿ."

ಮುನಿಕೃಷ್ಣಪ್ಪ ಹಿಂದಿನಿಂದ ಅವಳ ಸೆರಗು ಜಗ್ಗಿದ. ಅವಳು ಅಲ್ಲಾಡಲಿಲ್ಲ. ಅಮಲ್ದಾರರು ಗುಮಾಸ್ತರ ಕಡೆ ತಿರುಗಿದರು. "ದಂಡ ಹೊಡೆದುಹಾಕಿ. ಇವತ್ತು ಕೋರ್ಟು ಏಳುವವರೆಗೆ ಸೆರೆ ಅಂತ ಬರೀರಿ," ಎಂದರು.

ಗೋವಿಂದಮ್ಮ ಕಚೇರಿಯ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಳು. ಚಿಕ್ಕಮುನಿಯಮ್ಮ ಸೊಂಟ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತಳು. ನೀನ್ಯಾಕೆ ಎಂದು ಜವಾನ ಕೇಳಿದ್ದಕ್ಕೆ, "ನನ್ ಹೆಸರು ಬರ್ಕೊಳ್ಳೋದು ಮರೆತವ್ರೆ," ಎಂದಳು. ಒಬ್ಬೊಬ್ಬರಾಗಿ ಊರಿನ ಹೆಂಗಸರೆಲ್ಲ ಬಂದು ಕುಳಿತರು. ಅಮಲ್ದಾರರು ಅತ್ತ ನೋಡದೆ ಮುಂದಿನ ಕೇಸು ಕರೆದರು. ಆ ದಿನ ಕೋರ್ಟು ಬೇಗ ಎದ್ದಿತು.

ಗೆದ್ದು ಬಂದವಳಿಗೆ ಊರಿನಲ್ಲಿ ಆರತಿ ಎತ್ತಿದವರು ಇದ್ದರು, ತವರಿನ ಬಾಗಿಲು ಮಾತ್ರ ಮುಚ್ಚಿತು. ಅಂಜನಮೂರ್ತಿಗೆ ಡಿಪೋದ ಕೆಲಸ ಸಿಗಲಿಲ್ಲ. ಮಂಜುಳಮ್ಮ ಬಾವಿಕಟ್ಟೆಯಲ್ಲಿ ಎಲ್ಲರ ಮುಂದೆ, "ಮರ ಉಳಿಸ್ಕೊಂಡ್ಲು, ಅಣ್ಣನ ಮಾನ ಮಾರ್ಕೊಂಡ್ಲು," ಎಂದಳು. ಗೋವಿಂದಮ್ಮ ಕೊಡ ತುಂಬಿಕೊಂಡು, "ಮಾರಿದ್ದು ನಾನಲ್ಲ ಅತ್ತಿಗೆ," ಎಂದಷ್ಟೇ ಹೇಳಿ ಬಂದಳು. ಮನೆಗೆ ಬಂದು ಕೊಡ ಇಳಿಸಿದ ಮೇಲೆ ಅತ್ತಳು. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಮುನಿಕೃಷ್ಣಪ್ಪ ಶಿವಾಜಿನಗರದಿಂದ ತಾನೇ ಬಳೆ ತಂದು ಮೊರದಲ್ಲಿಟ್ಟ. ನೂರುನ್ನೀಸಾ ಬೇಗಂ ಬೆಲ್ಲ, ಕೊಬ್ಬರಿ ಕಳಿಸಿದ್ದರು.

ಮರುವರ್ಷವೂ ಯುದ್ಧ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಬೇರೊಬ್ಬ ಕಂಟ್ರಾಕ್ಟರನ ಮೇಸ್ತ್ರಿ ನೇರ ಗೋವಿಂದಮ್ಮನ ಮನೆ ಬಾಗಿಲಿಗೆ ಬಂದು ನಿಂತ. ಅವನ ಕೈಯಲ್ಲಿ ಅಮಲ್ದಾರರ ಮೊಹರಿನ ಅಪ್ಪಣೆ ಇತ್ತು. ಬಿರುಗಾಳಿಗೆ ಸೀಳಿದ್ದ ಮೂರು ಹೊಂಗೆ ಮರ ಕಡಿಯಬಹುದು ಎಂದು.

"ನೀವು ಬಂದು ನಿಂತ್ರೆ ಒಳ್ಳೇದು ಅಂದ್ರು ನಮ್ ಸಾವ್ಕಾರ್ರು," ಎಂದ ಮೇಸ್ತ್ರಿ.

ಅವಳು ಶಾನುಭೋಗರಿಂದ ಆ ಅಪ್ಪಣೆಯನ್ನು ಎರಡು ಸಲ ಓದಿಸಿ ಕೇಳಿದಳು. ತೋಪಿಗೆ ಹೋಗಿ ಮರದ ಮೇಲಿನ ಅಂಕಿಗಳನ್ನು ತೋರಿಸಿ, ಇದು, ಇದು, ಇದು ಎಂದಳು. ಕೊಡಲಿ ಬೀಳುವಷ್ಟು ಹೊತ್ತೂ ಅಲ್ಲೇ ನಿಂತಳು.

ಸ್ವಲ್ಪ ಹೊತ್ತಿನ ಮೇಲೆ ತೋಪಿನ ಇನ್ನೊಂದು ಅಂಚಿನಲ್ಲಿ ಯಾರೋ ಬಂದು ನಿಂತದ್ದು ಕಂಡಿತು. ಮುನಿರಾಜಪ್ಪ. ಪಟೇಲಿಕೆ ಅವನಿಗೆ ಇನ್ನೂ ಮರಳಿ ಬಂದಿರಲಿಲ್ಲ, ಬರುವ ಸೂಚನೆಯೂ ಇರಲಿಲ್ಲ. ಅಲ್ಲಿಗೆ ಬರಬೇಕೆಂದು ಯಾರೂ ಅವನನ್ನು ಕರೆದಿರಲಿಲ್ಲ. ತಂಗಿಯ ಕಡೆ ನೋಡಲಿಲ್ಲ, ಮಾತಾಡಲಿಲ್ಲ. ಕೈಕಟ್ಟಿಕೊಂಡು ಆಳುಗಳನ್ನೇ ನೋಡುತ್ತಿದ್ದ.

ಮೂರನೆಯ ಮರ ಬಿದ್ದಿತು. ಒಬ್ಬ ಆಳು ಬೆವರು ಒರೆಸಿಕೊಂಡು, ಕೊಡಲಿ ಹೆಗಲಿಗೇರಿಸಿ, ಪಕ್ಕದ ಹುಣಸೆಯ ಬುಡದ ಕಡೆ ಎರಡು ಹೆಜ್ಜೆ ಇಟ್ಟ.

"ಅಲ್ಲಿಗೆ ನಿಲ್ಸು!" ಎಂದಳು ಗೋವಿಂದಮ್ಮ.

ಅದೇ ಗಳಿಗೆಯಲ್ಲಿ ಆಚೆ ಅಂಚಿನಿಂದಲೂ ಅದೇ ಮಾತು ಕೇಳಿಬಂತು, ಅವಳದಕ್ಕಿಂತ ಜೋರಾಗಿ. ಆಳು ಎರಡೂ ಕಡೆ ನೋಡಿ ಕೊಡಲಿ ಕೆಳಗಿಳಿಸಿದ.